ಲಗಾಮು ಹಿಡಿದ ಕೈ ಕಲ್ಲಾಗದಿರಲಿ



ಹೋದ ಸಂಚಿಕೆಯ ಹಾಗಲಕಾಯಿ ಗೊಜ್ಜಿಗೆ ಬಂದ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಉತ್ತರ ಬರೆಯಲು ಕೂತಿದ್ದೆ. ಕಹಿ ಹೋಗಲೇ ಇಲ್ಲ ಅಂದವರೇ ಹೆಚ್ಚು! ಅವರಿಗೆಲ್ಲ ಮುಂದಿನ ಸಲ ಉತ್ತರ ಕೊಡುತ್ತೇನೆ, ಕೋಪ ಬೇಡ. ಯಾಕಂದ್ರೆ ಕಟ್ಟಿನ ತಳದಲ್ಲಿ ಒಂದು ಪತ್ರ ಸಿಕ್ಕಿತು. ಅದನ್ನು ಓದಿದ ಮೇಲೆ ಗೊಜ್ಜಿನ ಕಡೆ ಮನಸ್ಸೇ ಹೋಗಲಿಲ್ಲ.

ಬರೆದವರು ರಾಯಚೂರು ತಾಲೂಕಿನ ಗಿಲ್ಲೆಸುಗೂರಿನ ಒಬ್ಬ ತಾಯಿ. ಒಕ್ಕಲುತನದ ಮನೆ. ಹೆಸರು ಬೇಡ ಅಂದಿದ್ದಾರೆ. ಅವರ ಮಾತನ್ನೇ ಇಲ್ಲಿ ಕೊಡುತ್ತೇನೆ.

"ಅಕ್ಕಾರೆ, ನನ್ನ ಮಗಳು ಬೆಂಗಳೂರಾಗ ದನದ ಡಾಕ್ಟರಕಿ ಓದ್ಲಿಕತ್ಯಾಳ. ಅಲ್ಲೇ ಕುದುರಿ ಸವಾರಿ ಕಲಿಸೋ ಒಂದು ಕಡೆ ಸೇರ್ಯಾಳ. ಮೊದಲು ಮೂರು ತಿಂಗಳು ಬಹಳ ಖುಷಿ ಇದ್ಲು. ಈಗ ಫೋನ್ ಮಾಡಿದಾಗೊಮ್ಮೆ ಅಳ್ತಾಳ. ಕುದುರಿ ತಲಿ ಕೊಡವ್ತದಂತ, ಬಾಯಿ ತೆಗಿತದಂತ, ಹೇಳಿದ ಕಡೆ ಹೋಗಂಗಿಲ್ಲಂತ. ಕಲಿಸೋವ್ರು 'ನಿನ್ನ ಕೈ ಕಲ್ಲು' ಅಂದ್ರಂತ. ಹೋದ ವಾರ ಕುದುರಿ ಬಾಯಿ ಮೂಲ್ಯಾಗ ರಕ್ತ ಬಂದಿತ್ತಂತ. 'ಯವ್ವಾ, ಪ್ರಾಣಿಗಳಿಗೆ ಗುಣ ಮಾಡ್ಲಿಕ್ಕೆ ಓದಾಕಿ ನಾನು, ಮೂಕ ಪ್ರಾಣಿಗೆ ಗಾಯ ಮಾಡೀನಿ' ಅಂತ ಒಂದೇ ಸಮ ಅತ್ಲು. ನಮ್ಮ ಮನಿಯವ್ರು 'ಹೆಣ್ಣುಮಗಳಿಗೆ ಕುದುರಿ ಯಾಕ, ಬಿಡಿಸು' ಅಂತಾರ. ನನಗ ಏನೂ ತಿಳಿವಲ್ದು. ಬಿಡಿಸ್ಲೇನ್ರಿ?"

ಅಡುಗೆ, ಮನೆಮದ್ದು ಬರೆಯುವ ಪುಟಕ್ಕೆ ಕುದುರೆ ನುಗ್ಗಿತಲ್ಲ ಎಂದು ಮೂಗು ಮುರಿಯಬೇಡಿ. ಇದು ಕುದುರೆಯ ಪ್ರಶ್ನೆಯೂ ಹೌದು, ಒಬ್ಬ ತಾಯಿಯ ಪ್ರಶ್ನೆಯೂ ಹೌದು. ಮತ್ತೆ, ಕುದುರೆಯ ವಿಚಾರ ನನಗೆ ಹೇಗೆ ಗೊತ್ತು ಅನ್ನುತ್ತೀರಿ. ಸಣ್ಣವಳಿದ್ದಾಗ ರಾಯಚೂರು ಸ್ಟೇಷನ್ನಿನಿಂದ ಟಾಂಗಾದಲ್ಲಿ ಮನೆಗೆ ಹೋದದ್ದು ಬಿಟ್ಟರೆ ನನಗೂ ಕುದುರೆಗೂ ಸಂಬಂಧವೇ ಇರಲಿಲ್ಲ. ನಮ್ಮಣ್ಣನ ಮಗಳು ಮೈಸೂರಿನಲ್ಲಿ ಸವಾರಿ ಕಲಿತಳು. ಅವಳಿಂದಾಗಿ ನನಗೆ ಇಷ್ಟು ತಿಳಿಯಿತು. ತಿಳಿದ ರೀತಿ ಹೇಳಿದರೆ ನೀವು ನಗುತ್ತೀರಿ.

ಒಂದು ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ಅವಳು ಲಗಾಮನ್ನು ಎಣ್ಣೆ ಹಚ್ಚಿ ಒರೆಸುತ್ತಿದ್ದಳು. "ಅದನ್ನು ಹಿಡಕೊಂಡು ಜಗ್ಗಿದರಾಯ್ತಲ್ಲ, ಅದಕ್ಕೆ ನಾಲ್ಕು ವರ್ಷ ಕಲಿಯೋದೇನಿದೆ?" ಅಂದೆ. ಹುಡುಗಿ ಸುಮ್ಮನೆ ಎದ್ದು ಬಂದು, ಕಡಿವಾಣದ ಎರಡು ಬಳೆಗಳನ್ನು ನನ್ನ ಎರಡು ಕೈಗೆ ಕೊಟ್ಟು, "ಅತ್ತೆ, ನೀನೇ ಕುದುರೆ. ಕಣ್ಣು ಮುಚ್ಚು" ಅಂದಳು. ತಾನು ಹಿಂದೆ ಸರಿದು ಕೂತು ಲಗಾಮು ಹಿಡಿದಳು.

ಮೊದಲು ಹಗ್ಗ ಸಡಿಲ ಬಿಟ್ಟಳು. ನನ್ನ ಕೈಗೆ ಏನೂ ತಿಳಿಯಲಿಲ್ಲ. ಅವಳು ಅಲ್ಲಿದ್ದಾಳೋ ಎದ್ದು ಹೋದಳೋ ಅದೂ ಗೊತ್ತಾಗಲಿಲ್ಲ. ಆಮೇಲೆ ಒಮ್ಮೆಲೇ ಜಗ್ಗಿದಳು. ಮುಂಗೈ ಝುಂ ಅಂತು. ಎದೆ ಧಸಕ್ಕೆಂದಿತು! ಎರಡನೇ ಸಲ ಬರೀ ಎಳೆದು ಹಿಡಿದಳು, ಬಿಡಲೇ ಇಲ್ಲ. ಅರ್ಧ ನಿಮಿಷದಲ್ಲಿ ನಾನೂ ಅಷ್ಟೇ ಜೋರಾಗಿ ಎದುರು ಜಗ್ಗುತ್ತಿದ್ದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಮೂರನೇ ಸಲ, ನನ್ನ ಕೈ ಮುಂದೆ ಹೋದರೆ ಅವಳ ಕೈಯೂ ಬಂತು, ಹಿಂದೆ ಬಂದರೆ ಹಿಂದೆ ಹೋಯಿತು. ನಡುವೆ ಒಂದು ಸಣ್ಣ ಭಾರ ಮಾತ್ರ ಇದ್ದಂತೆಯೇ ಇತ್ತು. ಹಾಗೇ ಇರುವಾಗ ಎಡಗೈ ಬೆರಳನ್ನು ಅವಳು ಒಂದಿಷ್ಟೇ ಮುಚ್ಚಿದಳು. ನನಗೆ ತಾನಾಗಿಯೇ ಎಡಕ್ಕೆ ತಿರುಗಬೇಕು ಅನ್ನಿಸಿತು. ಬಾಯಿ ಬಿಟ್ಟು ಯಾರೂ ಏನೂ ಹೇಳಿರಲಿಲ್ಲ ನೋಡಿ!

ಆ ಮೂರನೆಯದಕ್ಕೆ ಸವಾರಿ ಕಲಿಸುವವರು 'ಕಾಂಟ್ಯಾಕ್ಟ್' ಅನ್ನುತ್ತಾರೆ. ಕೈಗೂ ಕುದುರೆಯ ಬಾಯಿಗೂ ನಡುವೆ ಸದಾ ಇರಬೇಕಾದ, ಹೆಚ್ಚೂ ಆಗದ ಕಡಿಮೆಯೂ ಆಗದ ಸ್ಪರ್ಶ.

ಗಿಲ್ಲೆಸುಗೂರಿನ ತಂಗಿ, ನಿಮಗೆ ಇದು ಹೊಸ ವಿದ್ಯೆಯಲ್ಲ. ತೊಟ್ಟಿಲಿಗೆ ಹಗ್ಗ ಕಟ್ಟಿ, ಅದರ ತುದಿ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಳು ಆರಿಸುತ್ತಾ ಕೂಸನ್ನು ತೂಗಿದ್ದೀರಲ್ಲ? ಹಗ್ಗ ಜೋತು ಬಿದ್ದು ಆಮೇಲೆ ಜಗ್ಗಿದರೆ ತೊಟ್ಟಿಲು ಹೊಯ್ದಾಡಿ ಕೂಸು ಎದ್ದೇಬಿಡುತ್ತದೆ. ಬಿಗಿ ಹಿಡಿದರೆ ತೊಟ್ಟಿಲು ಆಡುವುದೇ ಇಲ್ಲ. ತೊಟ್ಟಿಲು ಹೋದಾಗ ಕೈ ಹೋಗಬೇಕು, ಬಂದಾಗ ಬರಬೇಕು. ನಿದ್ದೆಗಣ್ಣಲ್ಲೂ ನಿಮ್ಮ ಕೈ ಅದನ್ನು ಮಾಡಿದೆ. ನಿಮ್ಮ ಮಗಳು ಕುದುರೆಯ ಮೇಲೆ ಕಲಿಯಬೇಕಾದದ್ದು ಬಹುಪಾಲು ಅದೇ. ಆದರೆ ಅವಳು ಕೂತ ನೆಲವೇ ಅಲುಗಾಡುತ್ತಿರುತ್ತದೆ, ಕಷ್ಟ ಇರುವುದು ಅಲ್ಲಿ.

ಇನ್ನು ರಕ್ತ ಯಾಕೆ ಬಂತು ಅನ್ನುವುದಕ್ಕೆ ಕುದುರೆಯ ಬಾಯಿ ಹೇಗಿದೆ ಅಂತ ತಿಳಿಯಬೇಕು. ಕುದುರೆಗೆ ಮುಂದೆ ಹುಲ್ಲು ಕತ್ತರಿಸುವ ಹಲ್ಲುಗಳು, ಹಿಂದೆ ಅರೆಯುವ ದವಡೆ ಹಲ್ಲುಗಳು. ನಡುವೆ ಒಂದು ಕಡೆ ಹಲ್ಲೇ ಇಲ್ಲದ ಜಾಗ. ಕಬ್ಬಿಣದ ಕಡಿವಾಣ ಕೂರುವುದು ಆ ಜಾಗದಲ್ಲಿ, ನಾಲಿಗೆಯ ಮೇಲೆ. ಅಲ್ಲಿ ಒಸಡು ಬಹಳ ತೆಳು, ಕೆಳಗೇ ಮೂಳೆ. ನಮ್ಮ ಮೊಣಕಾಲ ಮುಂದಿನ ಎಲುಬಿಗೆ ಬಾಗಿಲ ಚೌಕಟ್ಟು ತಾಗಿದರೆ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ಜೋರಾಗಿ ಜಗ್ಗಿದಾಗ ಒಂದೋ ಆ ಒಸಡಿಗೆ, ಇಲ್ಲ ನಾಲಿಗೆಗೆ, ಇಲ್ಲ ತುಟಿಯ ಮೂಲೆಗೆ ಪೆಟ್ಟು. ಕುದುರೆ ತಲೆ ಕೊಡವುವುದು, ಬಾಯಿ ತೆರೆಯುವುದು, ಮೂಗು ಆಕಾಶಕ್ಕೆ ಎತ್ತುವುದು ಎಲ್ಲವೂ ಅಲ್ಲಿಂದ ತಪ್ಪಿಸಿಕೊಳ್ಳುವ ದಾರಿಗಳು. ಅದನ್ನು ಹಟ ಅಂತ ತಿಳಿದು ಇನ್ನೂ ಜಗ್ಗಿದರೆ ಮುಗಿಯಿತು, ಕುದುರೆ ಮೂರರಷ್ಟು ಎದುರು ಜಗ್ಗುತ್ತದೆ. ನೂರಾರು ಕಿಲೋ ತೂಗುವ ಪ್ರಾಣಿಯ ಜೊತೆ ಹಗ್ಗಜಗ್ಗಾಟದಲ್ಲಿ ಗೆದ್ದವರು ಯಾರೂ ಇಲ್ಲ.

ನಮ್ಮ ಎತ್ತುಗಳ ಮೂಗುದಾರವೂ ಇದೇ ಲೆಕ್ಕ. ಒಳ್ಳೆಯ ಬಂಡಿ ಹೊಡೆಯುವವರು ಹಗ್ಗ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ, ಜೋತು ಬೀಳುವುದಿಲ್ಲ. ಆದರೆ ದಾರಿಯುದ್ದಕ್ಕೂ ಜಗ್ಗುತ್ತಲೂ ಇರುವುದಿಲ್ಲ. ಕಾರಹುಣ್ಣಿಮೆಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲು ಹೊದಿಸಿದ ಎತ್ತನ್ನು ಓಣಿಯಲ್ಲಿ ಹಿಡಿದು ನಡೆಸುವವರನ್ನು ನೋಡಿ. ಯಾರ ಕೈ ಹದವಾದದ್ದು, ಯಾರದು ಒರಟು ಅಂತ ಎತ್ತಿನ ಮೂಗೇ ಹೇಳುತ್ತದೆ. ನಿಮ್ಮ ಮನೆಯವರಿಗೆ ಇದನ್ನು ಹೇಳಿ ನೋಡಿ. ಮಗಳ ಕಷ್ಟ ಅವರಿಗೆ ನಿಮಗಿಂತ ಬೇಗ ತಿಳಿದೀತು. ಗಂಡಸರಿಗೆ ಅಳು ಅರ್ಥವಾಗದಿದ್ದರೂ ಮೂಗುದಾರ ಅರ್ಥವಾಗುತ್ತದೆ!

ಈಗ ಹಿಡಿಯುವ ಕ್ರಮಕ್ಕೆ ಬರೋಣ. ಮಗಳಿಗೆ ಓದಿ ಹೇಳಲು ಅನುಕೂಲವಾಗಲಿ ಅಂತ ಬಿಡಿಸಿ ಬರೆಯುತ್ತೇನೆ. ಕಲಿಸುವವರು ಇದನ್ನೆಲ್ಲ ಹೇಳಿಯೇ ಇರುತ್ತಾರೆ. ಆದರೆ ಮೈದಾನದಲ್ಲಿ ಕೂಗಿ ಹೇಳಿದ ಮಾತು ಹೆದರಿದ ಕಿವಿಗೆ ಅರ್ಧವೇ ತಲುಪುತ್ತದೆ.

ಕಡಿವಾಣದಿಂದ ಬರುವ ಲಗಾಮು ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಅಂಗೈ ಒಳಗೆ ಬರಬೇಕು. ಅಂಗೈ ದಾಟಿ, ಮೇಲೆ ತೋರುಬೆರಳ ಮೇಲಿಂದ ಹೊರಗೆ ಹೋಗಬೇಕು. ಅದರ ಮೇಲೆ ಹೆಬ್ಬೆರಳು. ಲಗಾಮು ಜಾರದಂತೆ ಹಿಡಿಯುವ ಕೆಲಸ ಈ ಹೆಬ್ಬೆರಳಿನದು. ಉಳಿದ ಬೆರಳುಗಳು ಮುಚ್ಚಿರಬೇಕು, ಹಿಸುಕಿರಬಾರದು. ಕೈಯಲ್ಲಿ ಗುಬ್ಬಿಮರಿ ಇದೆ ಅಂದುಕೊಳ್ಳಲಿ. ತೆರೆದರೆ ಹಾರಿಹೋಗುತ್ತದೆ, ಹಿಸುಕಿದರೆ ಸಾಯುತ್ತದೆ. ಹೆಬ್ಬೆರಳು ಮೇಲಕ್ಕಿರುವ ಹಾಗೆ ಎರಡೂ ಮುಷ್ಟಿ ನೆಟ್ಟಗೆ, ಒಂದಕ್ಕೊಂದು ಒಂದು ಗೇಣಿಗಿಂತ ಕಡಿಮೆ ದೂರ, ಕುದುರೆಯ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಆ ದಿಣ್ಣೆಯ ಸ್ವಲ್ಪ ಮೇಲೆ. ರೊಟ್ಟಿ ಬಡಿಯುವಾಗ ಅಂಗೈ ಕೆಳಕ್ಕಿರುತ್ತದಲ್ಲ, ಹಾಗೆ ಮಾಡಿದರೆ ಮೊಣಕೈ ಹೊರಕ್ಕೆ ಹೋಗಿ ತೋಳೆಲ್ಲ ಬಿಗಿಯುತ್ತದೆ.

ಪಕ್ಕದಿಂದ ನಿಂತು ನೋಡಿದವರಿಗೆ ಮೊಣಕೈಯಿಂದ ಮುಂಗೈ, ಮುಂಗೈಯಿಂದ ಲಗಾಮು, ಲಗಾಮಿನಿಂದ ಕಡಿವಾಣ, ಇದೆಲ್ಲ ಒಂದೇ ಗೆರೆ ಎಳೆದ ಹಾಗೆ ಕಾಣಬೇಕು. ಮುಂಗೈ ಒಳಕ್ಕೆ ಮುರಿದಿದ್ದರೆ ಗೆರೆ ತಪ್ಪಿತು. ಗೆಳತಿಯರ ಕೈಯಲ್ಲಿ ಮೊಬೈಲಿನಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಂಡು ನೋಡಿಕೊಳ್ಳಲಿ, ಯಾರೂ ಬೈಯದೆ ಗೊತ್ತಾಗುತ್ತದೆ.

ಲಗಾಮಿನ ಉದ್ದದ ಮಾತು ಒಂದಿದೆ. ಹೊಸಬರು ಕುದುರೆಗೆ ನೋವಾದೀತು ಅಂತ ಉದ್ದ ಬಿಡುತ್ತಾರೆ. ಕರುಣೆ ಒಳ್ಳೆಯದೇ. ಆದರೆ ಉದ್ದ ಬಿಟ್ಟವರು ತಿರುಗಿಸಬೇಕಾದಾಗ, ನಿಲ್ಲಿಸಬೇಕಾದಾಗ ಗಾಬರಿಯಿಂದ ಕೈಯನ್ನು ಹೊಟ್ಟೆಯವರೆಗೆ ಎಳೆಯುತ್ತಾರೆ. ಜೋತಿದ್ದ ಲಗಾಮು ಛಟ್ಟನೆ ಬಿಗಿಯುತ್ತದೆ. ಕುದುರೆಗೆ ಅದು ಮುನ್ಸೂಚನೆ ಇಲ್ಲದ ಹೊಡೆತ. ನಮ್ಮಣ್ಣನ ಮಗಳಿಗೆ ಮೊದಲ ವರ್ಷ ಇದೇ ತಪ್ಪು ಇತ್ತು. ಮೃದು ಮನಸ್ಸಿನ ಹುಡುಗಿಯರಿಗೇ ಇದು ಜಾಸ್ತಿ ಅಂತ ನನ್ನ ಅನಿಸಿಕೆ, ತಪ್ಪಿದ್ದರೆ ಸವಾರರು ತಿದ್ದಲಿ. ಅವಳು ಸರಿಯಾದ ಜಾಗಕ್ಕೆ ಎರಡೂ ಲಗಾಮಿಗೆ ಬಣ್ಣದ ಟೇಪು ಸುತ್ತಿಕೊಂಡಿದ್ದಳು. ಕೈ ಅದಕ್ಕಿಂತ ಹಿಂದೆ ಜಾರಿತು ಅಂದರೆ ಕಣ್ಣಿಗೆ ಕಾಣುತ್ತಿತ್ತು, ಮತ್ತೆ ಚಿಕ್ಕದು ಮಾಡಿಕೊಳ್ಳುತ್ತಿದ್ದಳು.

ಹಾಗಾದರೆ ಕೈಯನ್ನು ಒಂದೇ ಕಡೆ ಇಟ್ಟುಕೊಂಡರಾಯ್ತೇ? ಇಲ್ಲ, ಇಲ್ಲೇ ಎಲ್ಲರೂ ಎಡವುವುದು. ಕುದುರೆ ನಡೆಯುವಾಗ ಪ್ರತಿ ಹೆಜ್ಜೆಗೂ ತಲೆ ಮುಂದಕ್ಕೆ ಕೆಳಕ್ಕೆ ತೂಗುತ್ತದೆ, ಎಮ್ಮೆ ನಡೆಯುವಾಗ ತೂಗುವ ಹಾಗೆ. ನಾಗಾಲೋಟಕ್ಕೆ ಮುಂಚಿನ ಹದವಾದ ಓಟವಿದೆಯಲ್ಲ, 'ಕ್ಯಾಂಟರ್', ಅಲ್ಲೂ ತೂಗುತ್ತದೆ. ಆಗೆಲ್ಲ ಕೈ ಬಾಯಿಯ ಜೊತೆ ಹೋಗಬೇಕು. ಹೋಗುವುದು ಮುಂಗೈ ಅಲ್ಲ, ಮೊಣಕೈ ತೆರೆದು ಮುಚ್ಚಬೇಕು. ಎಣ್ಣೆ ಹಾಕಿದ ಬಾಗಿಲ ತಿರುಗಣಿಯ ಹಾಗೆ. ಆದರೆ ಕುಲುಕಿ ಓಡುವ 'ಟ್ರಾಟ್' ಇದೆಯಲ್ಲ, ಅದರಲ್ಲಿ ಕುದುರೆಯ ತಲೆ ಹೆಚ್ಚು ಕಡಿಮೆ ನಿಂತ ಕಡೆಯೇ ಇರುತ್ತದೆ. ಅಲುಗುವುದು ಸವಾರಳ ಮೈ! ಅವಳು ಜೀನಿನಿಂದ ಎದ್ದು ಕೂತು ಎದ್ದು ಕೂತು ಮಾಡುವಾಗ ಕೈಯೂ ಜೊತೆಗೆ ಮೇಲೆ ಕೆಳಗೆ ಹೋದರೆ ಪ್ರತಿ ಸಲ ಬಾಯಿಗೆ ಒಂದೊಂದು ಕುಟುಕು. ಮೈ ಎದ್ದಾಗ ಮೊಣಕೈ ತೆರೆದುಕೊಂಡು ಕೈ ಇದ್ದಲ್ಲೇ ಉಳಿಯಬೇಕು. ಇದನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು ಎದ್ದು ಅಭ್ಯಾಸ ಮಾಡಬಹುದು. ಎದುರಿಗೆ ಕಿಟಕಿ ಸರಳಿಗೆ ಹಗ್ಗ ಕಟ್ಟಿ ತುದಿ ಹಿಡಿದುಕೊಂಡು ಏಳಬೇಕು, ಕೂರಬೇಕು. ಹಗ್ಗ ಜೋತು ಬೀಳಬಾರದು, ಬಿಗಿಯಲೂಬಾರದು. ನಾನು ಮಾಡಿ ನೋಡಿದೆ. ಹತ್ತಕ್ಕೆ ಆರು ಸಲ ಜೋತಿತು, ಮೂರು ಸಲ ಬಿಗಿಯಿತು. ಮಂಡಿನೋವು ಬೇರೆ!

'ಕೈ ಕಲ್ಲು' ಅಂತ ಬೈಸಿಕೊಂಡ ಹುಡುಗಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇನ್ನೂ ಬಂದಿಲ್ಲ. ಅವಳ ಕೈಯಲ್ಲಿ ದೋಷವಿಲ್ಲ, ಇರುವುದು ಕೂರುವುದರಲ್ಲಿ. ಬಸ್ಸಿನಲ್ಲಿ ನಿಂತವರು ಬ್ರೇಕು ಬಿದ್ದಾಗ ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಕುದುರೆಯ ಮೇಲೆ ತೂಕ ತಪ್ಪಿದಾಗ ಕೈಗೆ ಸಿಗುವುದು ಲಗಾಮು ಒಂದೇ. ಲಗಾಮು ಹಿಡಿದು ಬೀಳದೆ ಉಳಿಯುತ್ತಾರೆ, ಆದರೆ ಅವರ ಮೈಭಾರವೆಲ್ಲ ಆ ತೆಳು ಒಸಡಿನ ಮೇಲೆ. ಎಷ್ಟು ದಿನ 'ಮೃದುವಾಗಿ ಹಿಡಿ, ಮೃದುವಾಗಿ ಹಿಡಿ' ಅಂದರೂ ಬೀಳುವ ಭಯ ಹೋಗದೆ ಬೆರಳು ಸಡಿಲವಾಗುವುದಿಲ್ಲ. ಸೊಂಟ, ತೊಡೆ, ಹಿಮ್ಮಡಿ ಇವು ತೂಕ ಹೊತ್ತರೆ ಕೈ ತಾನಾಗಿ ಬಿಡುವಾಗುತ್ತದೆ.

ಅದಕ್ಕೆ ಮದ್ದು ಇದೆ. ಕುದುರೆಗೆ ಉದ್ದ ಹಗ್ಗ ಹಾಕಿ ಕಲಿಸುವವರು ನಡುವೆ ನಿಂತು ಸುತ್ತ ತಿರುಗಿಸುತ್ತಾರೆ. ಇದಕ್ಕೆ 'ಲಂಜ್' ಅನ್ನುತ್ತಾರೆ. ಆಗ ಕುದುರೆಯನ್ನು ನಡೆಸುವ ಹೊಣೆ ಅವರದು. ಸವಾರಳು ಲಗಾಮು ಬಿಟ್ಟು, ಕೈಯನ್ನು ಸೊಂಟದ ಮೇಲೋ ಪಕ್ಕಕ್ಕೆ ಚಾಚಿಯೋ ಇಟ್ಟುಕೊಂಡು ಬರೀ ಕೂರುವುದನ್ನು ಕಲಿಯುತ್ತಾಳೆ. ಹಿಂದಕ್ಕೆ ಹೋದೆ ಅಂತ ನಾಚಿಕೆ ಬೇಡ. ಒಲಿಂಪಿಕ್ಸಿಗೆ ಹೋಗುವವರೂ ಇದನ್ನು ಮಾಡುತ್ತಾರೆ. ಎರಡನೆಯದು, ಕುದುರೆಯ ಕುತ್ತಿಗೆಗೆ ಒಂದು ಚರ್ಮದ ಪಟ್ಟಿ ಕಟ್ಟಿಸಿಕೊಳ್ಳಲಿ. ತೂಕ ತಪ್ಪಿತು ಅನ್ನಿಸಿದಾಗ ಒಂದು ಬೆರಳು ಆ ಪಟ್ಟಿಗೆ ಸಿಕ್ಕಿಸಿದರೆ ಸಾಕು, ಬಾಯಿ ಬಚಾವ್. "ಲಂಜ್ ಮೇಲೆ ಹದಿನೈದು ದಿನ ಕೂರಿಸಿ" ಅಂತ ಕೇಳಲು ಮಗಳಿಗೆ ಹೇಳಿ. ಕೇಳುವುದು ತಪ್ಪಲ್ಲ. ಬೈದವರು ಆಮೇಲೆ ಮೆಚ್ಚಿದರೂ ಮೆಚ್ಚಿಯಾರು.

ಇನ್ನೊಂದು ಸೂಕ್ಷ್ಮವಿದೆ. ಲಗಾಮಿನ ಸ್ಪರ್ಶವನ್ನು ಕೈ ಹಿಂದಕ್ಕೆ ಎಳೆದು ತರುವುದಲ್ಲ. ಸವಾರಳ ಕಾಲು ಕುದುರೆಯನ್ನು ಮುಂದಕ್ಕೆ ಕಳಿಸಬೇಕು, ಹಿಂಗಾಲಿನಿಂದ ಹೊರಟ ಆ ಹುರುಪು ಬೆನ್ನು ದಾಟಿ, ಕುತ್ತಿಗೆ ದಾಟಿ, ಬಾಯಿಗೆ ಬಂದು, ಅಲ್ಲಿ ಕಾಯುತ್ತಿರುವ ಕೈಗೆ ಸಿಗಬೇಕು. ಮೊದಲು ಕಾಲು, ಆಮೇಲೆ ಕೈ. ಕಾಲು ಸುಮ್ಮನಿದ್ದು ಕೈ ಮಾತ್ರ ದುಡಿದರೆ ಕುದುರೆ ಕುತ್ತಿಗೆ ಮಡಿಚಿ, ಗದ್ದ ಎದೆಗೆ ತಂದು, ಲಗಾಮು ಹಗುರ ಮಾಡಿಬಿಡುತ್ತದೆ. ನೋಡಲು ಚಂದ, ಕ್ಯಾಲೆಂಡರಿನ ಕುದುರೆಯ ಹಾಗೆ! ಆದರೆ ಅದು ಕೈಯಿಂದ ಅಡಗಿ ಕೂತ ಕುದುರೆ. ಆ ಹಗುರ ನಂಬಬಾರದು. ನಂಬಬೇಕಾದದ್ದು, ಕುತ್ತಿಗೆ ಮುಂದಕ್ಕೆ ಚಾಚಿ, ಬಾಯಿ ಮುಚ್ಚಿ, ಮೆಲ್ಲಗೆ ಕಡಿವಾಣ ಮೆಲ್ಲುತ್ತಾ ಬರುವ ಕುದುರೆಯನ್ನು.

ನಿಲ್ಲಿಸುವುದೂ ಹೀಗೆಯೇ. ಉಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಭಾರವಾಗಿ ಕೂರಬೇಕು. ಕಾಲು ಮೆಲ್ಲಗೆ ಒತ್ತಿರಬೇಕು. ಆಮೇಲೆ ಬೆರಳು ಮುಚ್ಚಬೇಕು, ನಾದಿದ ಹಿಟ್ಟಿನ ಹದ ನೋಡಲು ಒತ್ತುತ್ತೇವಲ್ಲ, ಅಷ್ಟೇ. ಕುದುರೆ ನಿಧಾನ ಮಾಡಿದ ಆ ಗಳಿಗೆಯೇ ಬೆರಳು ಸಡಿಲ. ಬಿಡುವುದರಲ್ಲಿ ತಡವಾದರೆ ಕುದುರೆ ಕಲಿಯುವುದೇ ಇಲ್ಲ, ಅದಕ್ಕೆ ತಾನು ಮಾಡಿದ್ದು ಸರಿ ಅಂತ ತಿಳಿಯುವುದೇ ಆ ಸಡಿಲದಿಂದ. ಇದೇನೂ ಹೊಸ ಸಂಶೋಧನೆ ಅಲ್ಲ. ಗ್ರೀಸ್ ದೇಶದ ಕ್ಸೆನೊಫೋನ್ ಎಂಬಾತ ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಸವಾರಿಯ ಮೇಲೆ ಬರೆದ ಪುಸ್ತಕದಲ್ಲಿ ಕುದುರೆ ಚೆನ್ನಾಗಿ ನಡೆದಾಗ ಲಗಾಮು ಸಡಿಲಿಸಿ ಸಂತೋಷಪಡಿಸಬೇಕು ಅನ್ನುತ್ತಾನೆ. ನಮ್ಮಲ್ಲೂ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅದು 12ನೇ ಶತಮಾನದ ಸಂಸ್ಕೃತ ಗ್ರಂಥ, ಅರಸರ ವಿನೋದಗಳ ಸಾಲಿನಲ್ಲಿ ಕುದುರೆ ಸವಾರಿ ಬರುತ್ತದೆ. ಅಡುಗೆಯ ವಿಚಾರವೂ ಅದೇ ಗ್ರಂಥದಲ್ಲಿದೆ ಅನ್ನುವುದು ನಮ್ಮ ಪುಟಕ್ಕೆ ಸಮಾಧಾನ!

ಈಗ ಯಜಮಾನರ ಪ್ರಶ್ನೆ, ಹೆಣ್ಣುಮಗಳಿಗೆ ಕುದುರಿ ಯಾಕ?

ರಾಯಚೂರು ಸೀಮೆಯವರು ಕುದುರೆ ನಮಗೆ ದೂರ ಅನ್ನುವ ಹಾಗೇ ಇಲ್ಲ. ಈ ದೋಆಬಿನ ನೆಲಕ್ಕಾಗಿ, ರಾಯಚೂರು ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನೂ ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಿದಾಗ ಎರಡೂ ಕಡೆ ಸಾವಿರಾರು ಕುದುರೆ. ಅರಬ್ಬೀ, ಪರ್ಷಿಯಾ ದೇಶದ ಕುದುರೆಗಳು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ವಿಜಯನಗರಕ್ಕೆ ಹೋಗುತ್ತಿದ್ದ ಕಾಲ ಅದು. ಇನ್ನು ಹೆಣ್ಣು ಅಂತೀರಾದರೆ, ಮನೆಯ ಗೋಡೆಯ ಮೇಲಿನ ಕಿತ್ತೂರು ಚೆನ್ನಮ್ಮನ ಚಿತ್ರ ನೋಡ್ರಿ. ಒಂದು ಕೈಯಲ್ಲಿ ಎತ್ತಿದ ಕತ್ತಿ. ಲಗಾಮಿಗೆ ಉಳಿದದ್ದು ಒಂದೇ ಕೈ. ಒಂದು ಕೈಯಲ್ಲಿ ಸವಾರಿ ಮಾಡುವವರು ಕೈ ಬಲದಿಂದ ಕುದುರೆ ಆಳಲು ಆಗುವುದೇ ಇಲ್ಲ. ಕೂರುವ ಬಲ, ಕಾಲಿನ ಸನ್ನೆ ಇದ್ದರೆ ಮಾತ್ರ ಸಾಧ್ಯ.

ಈಚಿನ ಮಾತಿಗೆ ಬಂದರೆ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಸವಾರಿಯಲ್ಲಿ ವೈಯಕ್ತಿಕ ಬೆಳ್ಳಿ ತಂದರು, ತಂಡಕ್ಕೂ ಬೆಳ್ಳಿ ಬಂತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೂ ಅವರು ಹೋಗಿ 23ನೇ ಸ್ಥಾನ ಪಡೆದರು. 2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌದಲ್ಲಿ 'ಡ್ರೆಸಾಜ್' ಎಂಬ ಪಂದ್ಯದಲ್ಲಿ ಭಾರತದ ತಂಡಕ್ಕೆ ಚಿನ್ನವೇ ಬಂತು. ನಾಲ್ಕು ಜನರ ಆ ತಂಡದಲ್ಲಿ ಇಬ್ಬರು ಹುಡುಗಿಯರು, ದಿವ್ಯಕೃತಿ ಸಿಂಗ್ ಮತ್ತು ಸುದೀಪ್ತಿ ಹಜೇಲಾ. ಡ್ರೆಸಾಜ್ ಅಂದರೆ ಓಟವಲ್ಲ, ಜಿಗಿತವಲ್ಲ. ಕುದುರೆ ಸವಾರರ ಸನ್ನೆಗೆ ಎಷ್ಟು ಹದವಾಗಿ, ಎಷ್ಟು ನಿರಾಳವಾಗಿ ಹೆಜ್ಜೆ ಹಾಕುತ್ತದೆ ಅಂತ ನೋಡಿ ಅಂಕ ಕೊಡುತ್ತಾರೆ. ಕೈಗೂ ಬಾಯಿಗೂ ನಡುವಿನ ಈ ಸ್ಪರ್ಶಕ್ಕೇ ಅಲ್ಲಿ ಬೆಲೆ.

ಕುದುರೆ ಸವಾರಿಯಲ್ಲಿ ಒಲಿಂಪಿಕ್ಸಿನಲ್ಲೂ ಹೆಣ್ಣು ಗಂಡು ಅಂತ ಬೇರೆ ಬೇರೆ ಪಂದ್ಯ ಇಲ್ಲ, ಒಂದೇ ಅಖಾಡ. ಡ್ರೆಸಾಜಿಗೆ ಹೆಂಗಸರನ್ನು ಸೇರಿಸಿದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ. ಆ ವರ್ಷವೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆ ಗಂಡಸರ ನಡುವೆ ಬೆಳ್ಳಿ ಗೆದ್ದಳು. ಅವಳ ಕಥೆ ಕೇಳಿ. 1944ರಲ್ಲಿ, ಬಸುರಿ ಇದ್ದಾಗ ಪೋಲಿಯೋ ಬಡಿಯಿತು. ಮಗು ಆರೋಗ್ಯವಾಗಿ ಹುಟ್ಟಿತು. ಆದರೆ ಅವಳ ಮೊಣಕಾಲಿನ ಕೆಳಗೆ ಶಕ್ತಿ ಮತ್ತೆ ಬರಲೇ ಇಲ್ಲ. ಕುದುರೆ ಹತ್ತಲು ಇಳಿಯಲು ಬೇರೆಯವರು ಹಿಡಿಯಬೇಕಿತ್ತು. ಕಾಲಿನ ಸನ್ನೆ ಕೊಡಲಾಗದ ಹೆಂಗಸು ತೊಡೆ, ಸೊಂಟ, ಬೆನ್ನಿನಿಂದಲೇ ಜ್ಯೂಬಿಲಿ ಎಂಬ ಹೆಣ್ಣು ಕುದುರೆಯ ಜೊತೆ ಮಾತಾಡುವುದನ್ನು ಹೊಸದಾಗಿ ಕಲಿತಳು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ನಾನು ಇದನ್ನು ಮೊದಲು ಓದಿದ ದಿನ ಒಲೆಯ ಮೇಲೆ ಹಾಲು ಉಕ್ಕಿಹೋದದ್ದೂ ಗೊತ್ತಾಗಿರಲಿಲ್ಲ.

ನಿಮ್ಮ ಮಗಳು ಒಲಿಂಪಿಕ್ಸಿಗೆ ಹೋಗಲಿ ಅಂತ ಇದನ್ನು ಹೇಳುತ್ತಿಲ್ಲ. ಅವಳಿಗೆ ನಾಳೆ ಕುದುರೆ ವೈದ್ಯ ಮಾಡುವ ಅವಕಾಶ ಬರಬಹುದು. ಪೊಲೀಸ್ ದಳದಲ್ಲಿ, ಸೈನ್ಯದಲ್ಲಿ, ರೇಸ್ ಕುದುರೆಗಳ ಲಾಯಗಳಲ್ಲಿ ಕುದುರೆ ಬಲ್ಲ ವೈದ್ಯರು ಬೇಕು. ಹಣದ ತಾಪತ್ರಯ ಇದ್ದರೆ ಎನ್‌ಸಿಸಿಯಲ್ಲೂ ಕುದುರೆಯ ದಳಗಳಿವೆ ಅನ್ನುವುದು ಗೊತ್ತಿರಲಿ, ಹುಡುಗಿಯರೂ ಸೇರುತ್ತಾರೆ. ಕುದುರೆಯ ಬಾಯಿಯ ನೋವನ್ನು ತನ್ನ ಕೈಯಿಂದಲೇ ತಿಳಿದ ವೈದ್ಯೆಗೂ ಪುಸ್ತಕದಿಂದ ಮಾತ್ರ ತಿಳಿದವರಿಗೂ ವ್ಯತ್ಯಾಸ ಇರುವುದಿಲ್ಲವೇ? ಗಾಯ ನೋಡಿ ಅತ್ತಳಲ್ಲ, ಆ ಹುಡುಗಿಯನ್ನು ಬಿಡಿಸಬೇಡಿ ಅಂತ ನಾನು ಹೇಳುತ್ತೇನೆ. ಗಾಯ ನೋಡಿಯೂ ಸುಮ್ಮನೆ ಮತ್ತೆ ಹತ್ತಿದ್ದರೆ ಬಿಡಿಸಿ ಅನ್ನುತ್ತಿದ್ದೆ.

ಆದರೆ ಈ ವಾರ ಮಾಡಬೇಕಾದದ್ದು ಇದೆ, ತಡ ಬೇಡ. ತುಟಿಯ ಮೂಲೆಯ ಗಾಯ ಪೂರ್ತಿ ಮಾಯುವವರೆಗೆ ಆ ಕುದುರೆಗೆ ಯಾರೂ ಕಡಿವಾಣ ಹಾಕಬಾರದು, ಇವಳೂ ಅಷ್ಟೇ, ಬೇರೆಯವರೂ ಅಷ್ಟೇ. ಇದನ್ನು ಅಲ್ಲಿಯ ಹಿರಿಯರಿಗೆ ಅವಳೇ ಧೈರ್ಯವಾಗಿ ಹೇಳಲಿ. ತಾನು ಮಾಡಿದೆ ಅಂತ ಒಪ್ಪಿಕೊಂಡು ಹೇಳಿದರೆ ಮಾತಿಗೆ ತೂಕ ಬರುತ್ತದೆ. ಎರಡನೆಯದು, ತಪ್ಪೆಲ್ಲ ತನ್ನ ಕೈಯದೇ ಅಂತ ತೀರ್ಮಾನ ಮಾಡಿಕೊಳ್ಳುವ ಮುಂಚೆ ಕುದುರೆಯ ಹಲ್ಲು ತೋರಿಸಲಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿರಬಹುದು. ಕೆಲವು ಕುದುರೆಗಳಿಗೆ ದವಡೆ ಹಲ್ಲಿನ ಮುಂದೆ ಒಂದು ಪುಟ್ಟ ಹಲ್ಲು ಹುಟ್ಟಿರುತ್ತದೆ, ಕಡಿವಾಣ ಅದಕ್ಕೆ ತಾಗಿದರೆ ಎಷ್ಟು ಮೃದು ಕೈಗೂ ತಲೆ ಕೊಡವುತ್ತದೆ. ಅವಳ ಅಧ್ಯಾಪಕರನ್ನೇ ಕೇಳಬಹುದಲ್ಲ!

ಕಡಿವಾಣದ ಅಳತೆಯನ್ನೂ ನೋಡಲಿ. ಕಿರಿದಾದರೆ ತುಟಿ ಚಿವುಟುತ್ತದೆ, ಅಗಲವಾದರೆ ಅತ್ತಿತ್ತ ಜಾರಿ ಉಜ್ಜುತ್ತದೆ. ಹಾಕಿದಾಗ ತುಟಿ ಮೂಲೆಯಲ್ಲಿ ಒಂದೆರಡು ಸಣ್ಣ ಸುಕ್ಕು ಮೂಡಿದರೆ ಸರಿ. ಹಳೆಯ ಕಬ್ಬಿಣ ಸವೆದು ಅಂಚು ಹರಿತವಾಗಿದೆಯೇ ಅಂತ ಬೆರಳಾಡಿಸಿ ನೋಡಬೇಕು. ನಾವು ಹಳೇ ಅಲ್ಯುಮಿನಿಯಂ ಪಾತ್ರೆಯ ಕಂಠ ನೋಡುತ್ತೇವಲ್ಲ, ಹಾಗೆ. ಮೂಗ ಮೇಲಿನ ಪಟ್ಟಿಯ ಒಳಗೆ, ಮೂಗಿನ ಎಲುಬಿನ ಮೇಲೆ ಎರಡು ಬೆರಳು ಹೋಗುವಷ್ಟು ಜಾಗ ಇರಲಿ. ಬಾಯಿ ತೆಗೆಯುತ್ತದೆ ಅಂತ ಪಟ್ಟಿ ಬಿಗಿದು ಕಟ್ಟುವುದು, ಕೂಸು ಅಳುತ್ತದೆ ಅಂತ ಬಾಯಿ ಮುಚ್ಚಿ ಹಿಡಿದಂತೆ. ಸವಾರಿ ಮುಗಿದ ಮೇಲೆ ಕಡಿವಾಣ ನೀರಿನಲ್ಲಿ ತೊಳೆದಿಡಬೇಕು, ಒಣಗಿದ ಜೊಲ್ಲು ಕಬ್ಬಿಣಕ್ಕೆ ಅಂಟಿದರೆ ಮರುದಿನ ಅದೇ ಗಾಯವನ್ನು ಕೆರೆಯುತ್ತದೆ. ಇವಳ ತಲೆಗೆ ಹೆಲ್ಮೆಟ್ಟು, ಕಾಲಿಗೆ ಹಿಮ್ಮಡಿ ಇರುವ ಬೂಟು, ಇದನ್ನು ಬೇರೆ ಹೇಳಬೇಕಾಗಿಲ್ಲ. ಹಿಮ್ಮಡಿ ಇಲ್ಲದ ಬೂಟು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುತ್ತದೆ.

ಮತ್ತೆ ನೀವು ತಂಗಿ, ಫೋನಿನಲ್ಲಿ 'ಹೋಗಲಿ ಬಿಡವ್ವಾ' ಅನ್ನಬೇಡಿ, 'ಅಳಬ್ಯಾಡ' ಅಂತಲೂ ಅನ್ನಬೇಡಿ. ರಜೆಗೆ ಊರಿಗೆ ಬಂದಾಗ ನಾನು ಹೇಳಿದ ಕುದುರೆ ಆಟ ಆಡಿ. ಕಟ್ಟೆಯ ಮೇಲೆ ಎದುರೆದುರು ಕೂತು, ಹಗ್ಗದ ನಡುವೆ ನಿಮ್ಮ ಎರಡೂ ಕೈ ಹಿಡಿದುಕೊಳ್ಳಿ, ತುದಿಗಳು ಅವಳ ಕೈಯಲ್ಲಿ. ನೀವು ಕಣ್ಣು ಮುಚ್ಚಿ, ನಡೆಯುವ ಕುದುರೆಯ ತಲೆಯ ಹಾಗೆ ಕೈಯನ್ನು ಮುಂದೆ ಹಿಂದೆ ತೂಗಿ. ಎಲ್ಲಿ ಜೋತಿತು, ಎಲ್ಲಿ ಕುಟುಕಿತು ಅಂತ ಅಲ್ಲಲ್ಲೇ ಹೇಳಿ, ಕುದುರೆಗೆ ಬಾರದ ಮಾತು ನಿಮಗೆ ಬರುತ್ತದಲ್ಲ. ಐದು ನಿಮಿಷವಾದ ಮೇಲೆ ಅದಲು ಬದಲು ಮಾಡಿ. ನೀವು ಲಗಾಮು ಹಿಡಿಯಿರಿ, ಅವಳು ಕಣ್ಣು ಮುಚ್ಚಲಿ. ತೊಟ್ಟಿಲು ತೂಗಿದ ಕೈ ಹೇಗಿರುತ್ತದೆ ಅಂತ ಅವಳಿಗೂ ತಿಳಿಯಲಿ. ಯಜಮಾನರು ಪಕ್ಕದಲ್ಲಿ ನಿಂತು ನಗುತ್ತಿದ್ದರೆ ಅವರ ಕೈಗೂ ಒಮ್ಮೆ ಕೊಡಿ.

ಹಗ್ಗ ನೂಲಿನದೇ ಇರಲಿ. ನೈಲಾನ್ ಹಗ್ಗ ಜಾರುತ್ತದೆ, ಅಂಗೈ ಸುಡುತ್ತದೆ. ಎಂಟು ಮೊಳ ಸಾಕು.